ಕೊನೆಯ ಚರಣ ಯಾರದು?

2022ರ ಮಾರ್ಚ್ 17. ಪುನೀತ್ ರಾಜ್‌ಕುಮಾರ್ ಇದ್ದಿದ್ದರೆ ಅಂದು ನಲವತ್ತೇಳು ತುಂಬುತ್ತಿತ್ತು. ಬೇರೆಲ್ಲ ಊರುಗಳಂತೆ ಶಿವಮೊಗ್ಗ, ಭದ್ರಾವತಿಗಳಲ್ಲೂ ಚಿತ್ರಮಂದಿರಗಳ ಮುಂದೆ ಕಟೌಟು, ಹಾರ, ಹಾಲಿನ ಅಭಿಷೇಕ. ಒಳಗೆ 'ಜೇಮ್ಸ್' ಶುರುವಾಯಿತು. ತೆರೆಯ ಮೇಲೆ ಅಪ್ಪು ಮಾತಾಡಿದರು. ಕೇಳಿಸಿದ್ದು ಶಿವಣ್ಣನ ಧ್ವನಿ.

ಇದೇನೂ ಗುಟ್ಟಾಗಿರಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಚಿತ್ರೀಕರಣದ ಬಹುಪಾಲು ಮುಗಿದಿತ್ತು, ಡಬ್ಬಿಂಗ್ ಆಗಿರಲಿಲ್ಲ. ಸೆಟ್ಟಿನಲ್ಲಿ ಹಿಡಿದ ಮಾತಿನೊಳಗೆ ಜನರೇಟರ್ ಸದ್ದು, ಗಾಳಿ, ಆಚೀಚಿನವರ ಕೂಗಾಟ ಎಲ್ಲ ಸೇರಿಕೊಂಡಿರುತ್ತದೆ. ಹಾಗಾಗಿ ನಟ ಆಮೇಲೆ ಸ್ಟುಡಿಯೊದಲ್ಲಿ ನಿಂತು, ತನ್ನ ತುಟಿಯನ್ನೇ ನೋಡಿಕೊಂಡು, ಅದೇ ಮಾತನ್ನು ಇನ್ನೊಮ್ಮೆ ಆಡಬೇಕು. ಆ ಇನ್ನೊಮ್ಮೆಗೆ ಪುನೀತ್ ಉಳಿದಿರಲಿಲ್ಲ. ನಿರ್ದೇಶಕ ಚೇತನ್ ಕುಮಾರ್ ತಂಡಕ್ಕೆ ಶಿವರಾಜ್‌ಕುಮಾರ್ ಒದಗಿದರು. ತಮ್ಮನ ತುಟಿಗೆ ಅಣ್ಣ ಮಾತು ಕೊಟ್ಟರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಅದೇ ಚಿತ್ರ ಮತ್ತೆ ತೆರೆಗೆ ಬಂತು. ಈ ಸಲ ಹೊಸ ತಂತ್ರಜ್ಞಾನದ ನೆರವಿನಿಂದ ರೂಪಿಸಿದ ಪುನೀತ್ ಅವರದೇ ಧ್ವನಿಯಲ್ಲಿ. ಒಂದೇ ಚಿತ್ರ, ಒಂದೇ ತುಟಿಯ ಚಲನೆ, ಎರಡು ಧ್ವನಿ. ಸತ್ತವರ ಅರ್ಧ ಕೆಲಸವನ್ನು ಇದ್ದವರು ಹೇಗೆ ಮುಗಿಸಬೇಕು ಎಂಬ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳನ್ನು ಎರಡು ತಿಂಗಳೊಳಗೆ, ಅದೇ ಪ್ರೇಕ್ಷಕರ ಮುಂದೆ ಇಟ್ಟ ಉದಾಹರಣೆ ಕನ್ನಡದಲ್ಲಿ ನನಗೆ ಇನ್ನೊಂದು ಗೊತ್ತಿಲ್ಲ. ಆದರೂ ನಾವು ಅದನ್ನು ಅಭಿಮಾನದ ಸುದ್ದಿಯಾಗಿ ಓದಿ ಬಿಟ್ಟೆವು. ಅದರೊಳಗಿನ ಪ್ರಶ್ನೆಯನ್ನು ಹೆಚ್ಚು ಕೆದಕಲಿಲ್ಲ.

ಈ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಕೆದಕುತ್ತ ಬಂದವರು ರಾಕ್ ಸಂಗೀತದವರು. ಅದಕ್ಕೆ ಕಾರಣವಿದೆ. ನಮ್ಮ ಸಿನಿಮಾ ಹಾಡಿನಲ್ಲಿ ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಒಬ್ಬರದು, ವಾದ್ಯ ಹತ್ತಾರು ಜನರದು. ಗಾಯಕ ಬಂದು, ಟ್ರ್ಯಾಕ್ ಕೇಳಿ, ಒಂದೆರಡು ಗಂಟೆಯಲ್ಲಿ ಹಾಡಿ ಹೋಗುತ್ತಾನೆ. ನಾಳೆ ಅವನು ಬರಲಾಗದಿದ್ದರೆ ಇನ್ನೊಬ್ಬ ಹಾಡುತ್ತಾನೆ, ಹಾಡು ಅನಾಥವಾಗುವುದಿಲ್ಲ. ಸುಗಮ ಸಂಗೀತದಲ್ಲಂತೂ ಕವಿ ಎಂದೋ ಹೋಗಿರುತ್ತಾನೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಲ್ಲಿ ವಕೀಲರು. 'ಕಾಡು ಕುದುರೆ'ಗಾಗಿ ಹಾಡಿ, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. ಅವರು 2022ರ ಆಗಸ್ಟ್ 11ರಂದು ತೀರಿಕೊಂಡಾಗ ದೊಡ್ಡ ಕಂಠವೊಂದು ಹೋಯಿತು. ಆದರೆ ಅವರು ಹಾಡುತ್ತಿದ್ದ ಭಾವಗೀತೆಗಳು ಅರ್ಧಕ್ಕೆ ನಿಲ್ಲಲಿಲ್ಲ. ಅವು ಇನ್ನೊಬ್ಬರ ಕೊರಳಿಗೆ ಸಿದ್ಧವಾಗಿಯೇ ಇದ್ದವು.

ರಾಕ್ ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಹಾಡುವವನೇ ಹೆಚ್ಚಾಗಿ ಬರೆಯುವವನು. ಎಷ್ಟೋ ಸಲ ಪದಗಳು ಹುಟ್ಟುವುದೇ ಮೈಕಿನ ಮುಂದೆ. ಒಂದು ಆಲ್ಬಂ ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಬೇಯುತ್ತದೆ. ನಡುವೆ ಗಾಯಕ ಸತ್ತರೆ ಉಳಿಯುವುದು ಅರ್ಧ ಹಾಡಿದ ಸಾಲು, ಗುನುಗಿದ ಪಲ್ಲವಿ, ವಾದ್ಯ ಮಾತ್ರ ಇರುವ ಟೇಪು. ಸಿನಿಮಾ ನಟನ ಧ್ವನಿಯೂ ಇದೇ ಜಾತಿಗೆ ಸೇರಿದ್ದು: ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸಿದರೆ ಮೊದಲ ಮಾತಿಗೇ ಗೊತ್ತಾಗಿಬಿಡುತ್ತದೆ.

    

ಮೊದಲ ದೊಡ್ಡ ಉದಾಹರಣೆ ಜಾನಿಸ್ ಜಾಪ್ಲಿನ್. 1970ರ ಅಕ್ಟೋಬರ್ 4ರಂದು ಲಾಸ್ ಏಂಜಲಿಸ್‌ನ ಹೋಟೆಲ್ ಕೋಣೆಯಲ್ಲಿ ಆಕೆ ಸತ್ತಾಗ ವಯಸ್ಸು 27. 'ಪರ್ಲ್' ಎಂಬ ಆಲ್ಬಂ ಮುಕ್ಕಾಲು ಮುಗಿದಿತ್ತು. ಒಂದು ಹಾಡಿಗೆ ಬ್ಯಾಂಡ್ ತನ್ನ ಪಾಲಿನ ವಾದ್ಯವನ್ನೆಲ್ಲ ನುಡಿಸಿ ಇಟ್ಟಿತ್ತು. ಮರುದಿನ ಜಾನಿಸ್ ಬಂದು ಹಾಡಬೇಕಿತ್ತು, ಅಷ್ಟೇ. ನಿರ್ಮಾಪಕ ಪಾಲ್ ರಾಥ್‌ಚೈಲ್ಡ್ ಮತ್ತು ಬ್ಯಾಂಡಿನವರು ಆ ಹಾಡನ್ನು ಎಸೆಯಲೂ ಇಲ್ಲ, ಬೇರೆ ಗಾಯಕಿಯನ್ನು ಕರೆಯಲೂ ಇಲ್ಲ. ಧ್ವನಿ ಇಲ್ಲದೆಯೇ ಆಲ್ಬಮ್ಮಿಗೆ ಸೇರಿಸಿದರು. 'ಬರೀಡ್ ಅಲೈವ್ ಇನ್ ದ ಬ್ಲೂಸ್' ಇವತ್ತಿಗೂ ಬರೀ ವಾದ್ಯದ ತುಣುಕು. ಸಾಯುವ ಮೂರು ದಿನ ಮೊದಲು ಆಕೆ ಯಾವ ವಾದ್ಯವೂ ಇಲ್ಲದೆ, ತಮಾಷೆಯ ಲಹರಿಯಲ್ಲಿ ಹಾಡಿಟ್ಟಿದ್ದ 'ಮರ್ಸಿಡಿಸ್ ಬೆಂಜ್' ಕೂಡ ಹಾಗೆಯೇ ಹೋಯಿತು. ಅಲ್ಲಿ ಧ್ವನಿ ಇದೆ, ವಾದ್ಯವಿಲ್ಲ. ಇಲ್ಲಿ ವಾದ್ಯವಿದೆ, ಧ್ವನಿ ಇಲ್ಲ. 1971ರ ಜನವರಿಯಲ್ಲಿ ಬಿಡುಗಡೆಯಾದ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಖಾಲಿ ಬಿಟ್ಟ ಜಾಗಕ್ಕಾಗಿ ಕೇಳುಗರು ಹಣ ವಾಪಸ್ ಕೇಳಲಿಲ್ಲ.

ಈ ಧೈರ್ಯ ಎಲ್ಲರಿಗೂ ಬರುವುದಿಲ್ಲ, ಎಲ್ಲ ಕಡೆಗೂ ಒಪ್ಪುವುದೂ ಇಲ್ಲ. 'ಜೇಮ್ಸ್'ನಂಥ ಚಿತ್ರವನ್ನು ಮೂಕಿಯಾಗಿ ತೋರಿಸಲಾದೀತೇ?

ಶಿವಣ್ಣ ಮಾಡಿದ ಕೆಲಸಕ್ಕೆ ಹತ್ತಿರದ ನೆಂಟಸ್ತಿಕೆ ಇರುವುದು ಕ್ವೀನ್ ಬ್ಯಾಂಡಿನ 'ಮೇಡ್ ಇನ್ ಹೆವನ್'ನಲ್ಲಿ. ಫ್ರೆಡಿ ಮರ್ಕ್ಯುರಿ ನಮಗೆ ತೀರಾ ಹೊರಗಿನವನಲ್ಲ. ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫಾರೂಖ್ ಬುಲ್ಸಾರ, ಓದಿದ್ದು ಮಹಾರಾಷ್ಟ್ರದ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲಿಯ ಹಾಸ್ಟೆಲ್ ಗೆಳೆಯರ ಜತೆ. 1991ರ ಹೊತ್ತಿಗೆ ಏಡ್ಸ್ ಆತನನ್ನು ಹಿಂಡಿಹಾಕಿತ್ತು. ಫೆಬ್ರುವರಿಯಲ್ಲಿ 'ಇನ್ಯುಎಂಡೊ' ಹೊರಬಂದ ಮೇಲೂ ಫ್ರೆಡಿ ಸುಮ್ಮನಿರಲಿಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿನ ಸ್ಟುಡಿಯೊಗೆ ಬಂದು, ಏನಾದರೂ ಬರೆದು ಕೊಡಿ, ಹಾಡಿಡುತ್ತೇನೆ, ನಾನು ಹೋದ ಮೇಲೆ ನೀವು ಮುಗಿಸಿಕೊಳ್ಳಿ ಎಂಬ ಅರ್ಥದ ಮಾತನ್ನು ಜತೆಗಾರರಿಗೆ ಹೇಳಿದ್ದ. ಇದು ಮುಖ್ಯ. ಮುಗಿಸುವ ಅಪ್ಪಣೆ ಗಾಯಕನ ಬಾಯಿಂದಲೇ ಬಂದಿತ್ತು.

ಸಮಯ ಕಡಿಮೆ ಇದ್ದುದರಿಂದ ತಾಳಕ್ಕೆ ಡ್ರಮ್ ಮೆಷಿನ್ ಹಾಕಿಕೊಂಡು ಧ್ವನಿಯನ್ನು ಮೊದಲು ಹಿಡಿದರು. 'ಮದರ್ ಲವ್' ಹಾಡನ್ನು ಗಿಟಾರ್ ವಾದಕ ಬ್ರಯನ್ ಮೇ ಅಲ್ಲೇ ಕೂತು ಬರೆಯುತ್ತ ಹೋದಂತೆ ಫ್ರೆಡಿ ಸಾಲು ಸಾಲಾಗಿ ಹಾಡುತ್ತ ಹೋದ. ಕೊನೆಯ ಚರಣಕ್ಕೆ ಮುಂಚೆ ದಣಿದ. ಇನ್ನೊಮ್ಮೆ ಬಂದು ಮುಗಿಸುತ್ತೇನೆ ಎಂದು ಎದ್ದ. ಬರಲಾಗಲಿಲ್ಲ. ಅದು 1991ರ ಮೇ ತಿಂಗಳು. ನವೆಂಬರ್ 24ರಂದು ತೀರಿಕೊಂಡ.

ಆಲ್ಬಂ ಹೊರಬಂದದ್ದು 1995ರ ನವೆಂಬರ್ 6ರಂದು. ನಾಲ್ಕು ವರ್ಷ ಏನು ಮಾಡುತ್ತಿದ್ದರು ಎಂದು ಕೇಳಬಹುದು. ಇಲ್ಲೇ ಟೇಪಿನ ಕಸುಬು ಬರುತ್ತದೆ. ಬಹುಟ್ರ್ಯಾಕ್ ಧ್ವನಿಮುದ್ರಣದಲ್ಲಿ ಧ್ವನಿ, ಗಿಟಾರ್, ಡ್ರಮ್ ಎಲ್ಲ ಬೇರೆ ಬೇರೆ ಪಟ್ಟಿಗಳಲ್ಲಿ ಕೂತಿರುತ್ತವೆ. ಉಳಿದದ್ದನ್ನೆಲ್ಲ ಅಳಿಸಿ ಧ್ವನಿಯೊಂದನ್ನೇ ಇಟ್ಟುಕೊಂಡು ಸುತ್ತ ಹೊಸ ಹಾಡು ಕಟ್ಟಬಹುದು. ಕ್ವೀನ್ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಮಾಂಟ್ರೊದ ಕೊನೆಯ ದಿನಗಳ ಹಾಡುಗಳು ಎರಡು ಮೂರೇ. ಮಿಕ್ಕವು ಅಲ್ಲಿ ಇಲ್ಲಿ ಹೆಕ್ಕಿದವು. ಎರಡು ಹಾಡು ಫ್ರೆಡಿ 1985ರಲ್ಲಿ ಒಬ್ಬನೇ ತಂದಿದ್ದ ಆಲ್ಬಂನವು: ಕುಣಿತದ ಕೀಬೋರ್ಡ್ ಸಂಗೀತವನ್ನು ಕಿತ್ತು ಬ್ಯಾಂಡಿನವರು ಗಿಟಾರ್ ಸುತ್ತಿದರು. ಒಂದು, ಡ್ರಮ್ಮರ್ ರೋಜರ್ ಟೇಲರ್‌ನ ಬೇರೆ ಬ್ಯಾಂಡಿಗಾಗಿ ಫ್ರೆಡಿ ಹಾಡಿದ್ದದ್ದು. ಇನ್ನೊಂದರ ಬೇರು 1980ರ ಮ್ಯೂನಿಕ್‌ನಲ್ಲಿ ಪಿಯಾನೊ ಮುಂದೆ ಕೂತು ಸುಮ್ಮನೆ ಗುನುಗಿದ ತುಣುಕು. ಹತ್ತು ಹನ್ನೊಂದು ವರ್ಷದ ಅಂತರದ ಧ್ವನಿಗಳು ಒಂದೇ ಆಲ್ಬಂನಲ್ಲಿ ಪಕ್ಕಪಕ್ಕ ನಿಂತಿವೆ. ಕಿವಿಗೊಟ್ಟರೆ ಒಂದು ಹಾಡಿನ ಫ್ರೆಡಿ ಹುರುಪಿನವನು, ಮತ್ತೊಂದರವನು ಉಸಿರು ಎಣಿಸುವವನು ಎಂದು ಗೊತ್ತಾಗುತ್ತದೆ.

'ಮದರ್ ಲವ್'ನ ಆ ಕೊನೆಯ ಚರಣವನ್ನು ಬ್ರಯನ್ ಮೇ ಹಾಡಿದ್ದಾನೆ. ಫ್ರೆಡಿಯಂತೆ ಹಾಡಲು ಹೋಗಿಲ್ಲ. ತನ್ನ ತೆಳು ಕಂಠದಲ್ಲಿ, ತನ್ನ ರೀತಿಯಲ್ಲಿ. ಧ್ವನಿ ಬದಲಾದ ಕ್ಷಣವೇ ಕೇಳುಗನಿಗೆ ವಿಷಯ ಮುಟ್ಟುತ್ತದೆ. ಯಾವ ಪ್ರಕಟಣೆಯೂ ಬೇಡ.

ನನ್ನ ಮಟ್ಟಿಗೆ ಮಾರ್ಚ್ 17ರ 'ಜೇಮ್ಸ್'ಗೂ ಇದೇ ಘನತೆ ಇತ್ತು. ಶಿವಣ್ಣನ ಧ್ವನಿ ಪುನೀತ್ ಧ್ವನಿಗೆ ಹೊಂದುವುದಿಲ್ಲ. ಅದರ ಏರು, ಅದರ ಗಡಸು, ವಾಕ್ಯದ ಕೊನೆ ಎಳೆಯುವ ರೀತಿ, ಎಲ್ಲ ಬೇರೆ. ಹೊಂದಿಸಲು ಬೇಕಾದರೆ ಒಳ್ಳೆಯ ಮಿಮಿಕ್ರಿ ಕಲಾವಿದರೊಬ್ಬರನ್ನು ಕರೆಸಬಹುದಿತ್ತು. ನಮ್ಮಲ್ಲಿ ಅವರಿಗೇನೂ ಬರವಿಲ್ಲ. ಹಾಗೆ ಮಾಡದೆ ಅಣ್ಣನನ್ನು ಕರೆದದ್ದರಲ್ಲಿ ಒಂದು ನಿಲುವಿತ್ತು. ಹೊಂದದೇ ಇರುವುದೇ ಅಲ್ಲಿ ಸತ್ಯ ಹೇಳುತ್ತಿತ್ತು. ನಾಯಕ ಹೊಡೆದಾಡುವಾಗಲೂ, ನಗಿಸುವಾಗಲೂ, ಇವನು ಈಗ ಇಲ್ಲ, ಇವನ ಪರವಾಗಿ ಮನೆಯವರು ಮಾತಾಡುತ್ತಿದ್ದಾರೆ ಎಂಬುದು ಪ್ರತಿ ಮಾತಿನಲ್ಲೂ ಕೇಳುತ್ತಿತ್ತು. ಸಾಮಾನ್ಯ ಆ್ಯಕ್ಷನ್ ಚಿತ್ರವೊಂದಕ್ಕೆ ಬರೆದವರು ಊಹಿಸಿರದ ಇನ್ನೊಂದು ಪದರ ಬಂದಿತ್ತು.

ಏಪ್ರಿಲ್‌ನ ಪ್ರತಿಯನ್ನು ಬೇಕೆಂದವರ ಮನಸ್ಸೂ ನನಗೆ ಅರ್ಥವಾಗುತ್ತದೆ. ಪುನೀತ್ ಅಭಿಮಾನಿಗಳಿಗೆ ಬೇಕಾಗಿದ್ದದ್ದು ಪುನೀತ್. ಸತ್ತ ಮಗನ ಫೋಟೊಗೆ ಬಣ್ಣ ತುಂಬಿಸಿ ಗೋಡೆಗೆ ಹಾಕುವ ತಾಯಿಯನ್ನು ಯಾರು ತಪ್ಪು ಎನ್ನುತ್ತಾರೆ? ಪುನೀತ್ ಶಿವಮೊಗ್ಗ ಸೀಮೆಗೂ ತೀರಾ ಹತ್ತಿರ ಬಂದು ಹೋಗಿದ್ದವರು. ಸಾಯುವ ಕೆಲವೇ ವಾರ ಮೊದಲು ಸಾಕ್ಷ್ಯಚಿತ್ರದ ಕೆಲಸಕ್ಕಾಗಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಬಂದಿದ್ದರು. ಅವರು ಹೋದ ಮೇಲೆ ಬಿಡಾರದ ಮರಿಯಾನೆಯೊಂದಕ್ಕೆ ಪುನೀತ್ ಎಂದೇ ಹೆಸರಿಟ್ಟರು. ಆ ತಿರುಗಾಟದಿಂದ ಹುಟ್ಟಿದ 'ಗಂಧದ ಗುಡಿ', ಅಮೋಘವರ್ಷ ಅವರ ನಿರ್ದೇಶನದಲ್ಲಿ, 2022ರ ಅಕ್ಟೋಬರ್ 28ರಂದು ತೆರೆಗೆ ಬಂತು. ಅಲ್ಲಿ ಪುನೀತ್ ಯಾವ ಪಾತ್ರವೂ ಅಲ್ಲ, ಪುನೀತ್ ಅಷ್ಟೇ. ಯಂತ್ರದಿಂದ ಮರಳಿ ತಂದ ಧ್ವನಿಗಿಂತ ಕಾಡಿನ ದಾರಿಯಲ್ಲಿ ಏದುಸಿರಿನ ನಡುವೆ ಆಡಿದ ಆ ಮಾತುಗಳು ನನಗೆ ಹೆಚ್ಚು ಹತ್ತಿರವಾದವು.

ಯಂತ್ರದ ಧ್ವನಿಯ ವಿಷಯಕ್ಕೆ ಬಂದೆವಾದ್ದರಿಂದ ಅದು ಏನು ಮಾಡುತ್ತದೆ ಎಂದು ಸ್ವಲ್ಪ ನೋಡೋಣ. ಇಲ್ಲಿ ಎರಡು ಬೇರೆ ಕೆಲಸಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ.

ಒಂದು, ಬೇರ್ಪಡಿಸುವುದು. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡೊಂದನ್ನು ಹಿಡಿದಿದ್ದ. 1980ರಲ್ಲಿ ಕೊಲೆಯಾದ. ಉಳಿದ ಮೂವರು ಬೀಟಲ್ಸ್ 1995ರ ಸುಮಾರಿಗೆ ಅದನ್ನು ಮುಗಿಸಲು ಕೂತಾಗ ಧ್ವನಿ, ಪಿಯಾನೊ, ಕರೆಂಟಿನ ಗುಂಯ್ ಎಲ್ಲ ಒಂದೇ ಪಟ್ಟಿಯಲ್ಲಿ ಕಲಸಿಹೋಗಿದ್ದವು. ಕೈಬಿಟ್ಟರು. ಆ ಬಳಿಕ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ರೂಪಿಸಿದ ತಂತ್ರಾಂಶಕ್ಕೆ ಮನುಷ್ಯನ ಧ್ವನಿಯನ್ನು ಪಿಯಾನೊದಿಂದ ಬಿಡಿಸಿ ಎತ್ತುವುದು ಸಾಧ್ಯವಾಯಿತು. 2023ರ ನವೆಂಬರ್ 2ರಂದು 'ನೌ ಆ್ಯಂಡ್ ದೆನ್' ಬಂತು. ಅಷ್ಟರಲ್ಲಿ ಜಾರ್ಜ್ ಹ್ಯಾರಿಸನ್ ಕೂಡ ಇರಲಿಲ್ಲ. ಅವರು 1995ರಲ್ಲಿ ನುಡಿಸಿಟ್ಟ ಗಿಟಾರನ್ನೇ ಬಳಸಿದರು. ಕೃತಕ ಬುದ್ಧಿಮತ್ತೆ ಲೆನನ್‌ನನ್ನು ಹಾಡಿಸಿತು ಎಂದು ಸುದ್ದಿಯಾಯಿತು. ಅದು ತಪ್ಪು. ಲೆನನ್ ಹಾಡಿದ್ದನ್ನೇ ಅದು ತೊಳೆದು ಕೊಟ್ಟಿತು. ನಮ್ಮ ಹಳೆಯ ಆಕಾಶವಾಣಿ ಮುದ್ರಣಗಳಿಗೂ, ಇಡೀ ವಾದ್ಯವೃಂದ ಒಂದೇ ಸಲಕ್ಕೆ ನುಡಿಸಿದ ಹಳೆಯ ಚಿತ್ರಗೀತೆಗಳಿಗೂ ಈ ತಂತ್ರ ಬಳಸಬಹುದು. ಭದ್ರಾವತಿ ಆಕಾಶವಾಣಿ 1965ರಿಂದ ಮಲೆನಾಡಿನ ಕಂಠಗಳನ್ನು ಮೈಕಿನ ಮುಂದೆ ಕೂರಿಸಿದೆ. ಅಂಥ ಟೇಪುಗಳಿಂದ ಎಂಥೆಂಥ ಧ್ವನಿ ಎದ್ದುಬರಬಹುದು ಎಂದು ಯೋಚಿಸಿದರೆ ಆಸೆಯಾಗುತ್ತದೆ.

ಇನ್ನೊಂದು, ಧ್ವನಿಯನ್ನೇ ಹೊಸದಾಗಿ ಹುಟ್ಟಿಸುವುದು. ಗಾಯಕನ ಹಳೆಯ ಮುದ್ರಣಗಳನ್ನು ಗಂಟೆಗಟ್ಟಲೆ ಉಣಿಸಿ ಆ ಕಂಠದ ಬಣ್ಣವನ್ನು ಯಂತ್ರಕ್ಕೆ ಕಲಿಸುತ್ತಾರೆ. ಆಮೇಲೆ ಇನ್ಯಾರೋ ಹಾಡುತ್ತಾರೆ ಅಥವಾ ಮಾತಾಡುತ್ತಾರೆ; ಯಂತ್ರ ಅದಕ್ಕೆ ಸತ್ತವರ ಬಣ್ಣ ಬಳಿಯುತ್ತದೆ. ಸಾಮಾನ್ಯವಾಗಿ ನಡೆಯುವ ಕ್ರಮ ಇದು. ಗಮನಿಸಿ, ಎಲ್ಲಿ ಉಸಿರೆಳೆಯಬೇಕು, ಯಾವ ಅಕ್ಷರಕ್ಕೆ ಒತ್ತು, ಎಲ್ಲಿ ಅರೆಗಳಿಗೆ ತಡೆಯಬೇಕು, ಇವೆಲ್ಲ ಆ ಇನ್ಯಾರದೋ ತೀರ್ಮಾನ. ಹಾಡುಗಾರಿಕೆ ಎಂದರೆ ಬಹುಪಾಲು ಇದೇ ಅಲ್ಲವೇ? ಸಿ. ಅಶ್ವತ್ಥ್ ಅವರ ಕಂಠವನ್ನು ಯಂತ್ರ ನಾಳೆಯೇ ಕಲಿತೀತು. ಆದರೆ ಒಂದು ಪದದ ಮೇಲೆ ಹಠಾತ್ತನೆ ಬಿದ್ದು, ಅದನ್ನು ಅಲುಗಾಡಿಸಿ, ಮುಂದಿನದಕ್ಕೆ ಹೋಗಬೇಕು ಎಂದು ಅವರಿಗೆ ಆ ಕ್ಷಣ ಯಾಕೆ ಅನ್ನಿಸಿತು ಎಂಬುದನ್ನು ಎಲ್ಲಿಂದ ಕಲಿಯುತ್ತದೆ? ಹಾಗಾಗಿ ಇಂಥ ಹಾಡಿಗೆ ಸತ್ತವರ ಹೆಸರನ್ನಷ್ಟೇ ಹಾಕುವುದು ನನ್ನ ಲೆಕ್ಕದಲ್ಲಿ ಸುಳ್ಳು. ಮರೆಯಲ್ಲಿ ನಿಂತು ಹಾಡಿದವನೊಬ್ಬನಿದ್ದಾನೆ. ಅವನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ದಕ್ಷಿಣದ ಸಿನಿಮಾದಲ್ಲಿ ಈಗಾಗಲೇ ಎರಡೂ ಬಗೆಯ ನಡವಳಿಕೆ ಕಂಡಿದ್ದೇವೆ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರದ ಹಾಡೊಂದರಲ್ಲಿ ತೀರಿಹೋದ ಶಾಹುಲ್ ಹಮೀದ್ ಮತ್ತು ಬಂಬಾ ಬಾಕ್ಯ ಅವರ ಧ್ವನಿಗಳನ್ನು ಯಂತ್ರದಿಂದ ತಂದರು. ಕುಟುಂಬಗಳ ಅನುಮತಿ ಪಡೆದಿದ್ದೇವೆ, ಸಂಭಾವನೆ ಕೊಟ್ಟಿದ್ದೇವೆ ಎಂದು ತಾವೇ ಬಹಿರಂಗವಾಗಿ ಹೇಳಿದರು. ಅದೇ ಹೊತ್ತಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಮರುಸೃಷ್ಟಿಸಿದ್ದಾರೆಂದು ಮಗ ಎಸ್.ಪಿ. ಚರಣ್ ತೆಲುಗಿನ 'ಕೀಡಾ ಕೋಲಾ' ಚಿತ್ರದವರಿಗೆ ಕಾನೂನು ನೋಟಿಸ್ ಕಳಿಸಿದ್ದರು. ಎಸ್‌ಪಿಬಿ ಕನ್ನಡದವರಿಗೂ ಮನೆಯವರೇ. ಪಂಚಾಕ್ಷರಿ ಗವಾಯಿಗಳ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು, 'ಎದೆ ತುಂಬಿ ಹಾಡುವೆನು' ವೇದಿಕೆಯಲ್ಲಿ ನಮ್ಮ ಮಕ್ಕಳ ಶ್ರುತಿ ತಿದ್ದಿದವರು. ಅವರ ಧ್ವನಿಗೆ ಅವರು ಒಪ್ಪದ ಪದಗಳನ್ನು ಯಾರೋ ಹಾಡಿಸಿದರೆ ಎಂದು ನೆನೆದರೆ ನೋಟಿಸಿನ ಸಿಟ್ಟು ಅರ್ಥವಾಗುತ್ತದೆ.

ಕಾನೂನು ಎಲ್ಲಿದೆ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ. ಹಾಡಿದವರ, ನಟಿಸಿದವರ ಪ್ರದರ್ಶನದ ಹಕ್ಕು 50 ವರ್ಷ. 2012ರ ತಿದ್ದುಪಡಿ ಗಾಯಕರಿಗೆ ತಮ್ಮ ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನೂ ಕೊಟ್ಟಿತು. ಆದರೆ ಇವೆಲ್ಲ ಆಗಿಹೋದ ಹಾಡಿಗೆ. ಆಗದ ಹಾಡಿಗೆ, ಬರೀ ಕಂಠಕ್ಕೆ, ಸತ್ತ ಮೇಲೆ ವಾರಸುದಾರ ಯಾರು ಎಂಬುದು ಅಲ್ಲಿ ಬರೆದಿಲ್ಲ. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರ ಜುಲೈಯಲ್ಲಿ, ಇಂಥ ವ್ಯಕ್ತಿತ್ವದ ಹಕ್ಕುಗಳು ವ್ಯಕ್ತಿಯೊಂದಿಗೇ ಮುಗಿಯುತ್ತವೆ, ಪಿತ್ರಾರ್ಜಿತವಾಗಿ ಬರುವುದಿಲ್ಲ ಎಂಬ ನಿಲುವು ತಳೆಯಿತು. ಅಂದರೆ ಸದ್ಯಕ್ಕೆ ಬಹಳಷ್ಟು ನಿಂತಿರುವುದು ಮರ್ಯಾದೆಯ ಮೇಲೆ.

ಆ ಮರ್ಯಾದೆಯ ಪಾಠಕ್ಕೆ ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ಬ್ಯಾಂಡನ್ನು ನೋಡಬಹುದು. ಗಾಯಕಿ ಡೊಲೊರಸ್ ಓ'ರಿಯೊರ್ಡನ್ 2018ರ ಜನವರಿ 15ರಂದು ಲಂಡನ್ನಿನಲ್ಲಿ ಹಠಾತ್ತನೆ ಸತ್ತಾಗ ಹೊಸ ಆಲ್ಬಮ್ಮಿಗಾಗಿ ಹಾಡಿಟ್ಟ ಕಚ್ಚಾ ಮುದ್ರಣಗಳಿದ್ದವು. ಗಿಟಾರ್ ವಾದಕ ನೋಯೆಲ್ ಹೋಗನ್ ಮತ್ತು ಉಳಿದವರು ಮೊದಲು ಕೇಳಿದ್ದು ಆಕೆಯ ಕುಟುಂಬವನ್ನು. ಒಪ್ಪಿಗೆ ಸಿಕ್ಕ ಮೇಲೆ, ತಮ್ಮ ಮೊದಲ ಆಲ್ಬಂ ಮಾಡಿಕೊಟ್ಟಿದ್ದ ಸ್ಟೀಫನ್ ಸ್ಟ್ರೀಟ್ ಅವರನ್ನೇ ಕರೆದರು. ಡೊಲೊರಸ್ ತಾನೇ ಹಾಡಬೇಕಿದ್ದ ಹಿನ್ನೆಲೆ ಸ್ವರಗಳನ್ನು, ಹಿಂದೆ ಅವರ ಜತೆ ವೇದಿಕೆಯಲ್ಲಿ ಹಾಡುತ್ತಿದ್ದ ಜೊಹಾನಾ ಕ್ರ್ಯಾನಿಚ್ ಹಾಡಿದರು. ಹನ್ನೊಂದು ಹಾಡುಗಳ 'ಇನ್ ದಿ ಎಂಡ್' 2019ರ ಏಪ್ರಿಲ್ 26ರಂದು ಬಂತು. ಬ್ಯಾಂಡ್ ಅಲ್ಲಿಗೆ ಅಂಗಡಿ ಮುಚ್ಚಿತು. ಬೇರೆ ಗಾಯಕಿಯನ್ನು ಹುಡುಕಲಿಲ್ಲ.

ತೀರಾ ಇನ್ನೊಂದು ತುದಿಯೂ ಇದೆ. ಗಾಯಕಿ ಏಮಿ ವೈನ್‌ಹೌಸ್ 2011ರಲ್ಲಿ ಸತ್ತ ಮೇಲೆ, ಆಕೆಯ ಕಚ್ಚಾ ಮುದ್ರಣಗಳನ್ನು ನಾಶಮಾಡಿಸಿದ್ದಾಗಿ ಬ್ರಿಟನ್ನಿನ ಯೂನಿವರ್ಸಲ್ ಕಂಪನಿಯ ಮುಖ್ಯಸ್ಥರು 2015ರಲ್ಲಿ ಹೇಳಿದರು. ಮುಂದೆ ತಮ್ಮ ಕುರ್ಚಿಗೆ ಬರುವ ಯಾರೂ ಅದಕ್ಕೆ ಕೈಹಾಕಬಾರದು ಎಂಬುದು ಕಾರಣ. ಕೇಳಿದಾಗ ಎದೆ ಝಲ್ ಎನ್ನುತ್ತದೆ. ಆಮೇಲೆ ಯೋಚಿಸಿದರೆ, ನಾಶಮಾಡಿಸಿದವರ ಭಯವೂ ಸುಳ್ಳಲ್ಲ ಅನ್ನಿಸುತ್ತದೆ. ಆದರೂ ನಾನು ನಾಶಮಾಡುವವರ ಪಕ್ಷವಲ್ಲ. ಯಾರೋ ಒಬ್ಬ ಅಧಿಕಾರಿಯ ತೀರ್ಮಾನ ಅಷ್ಟು ದೊಡ್ಡದಾಗಬಾರದು.

ಇದನ್ನೆಲ್ಲ ಹೊರಗಿನವರ ಹೊಸ ತಲೆನೋವು ಎಂದು ಭಾವಿಸಬೇಕಿಲ್ಲ. ಬೇರೊಬ್ಬರು ಮುಗಿಸಿದ ಮಹಾಕೃತಿಗಳು ಕನ್ನಡ ನೆಲದಲ್ಲಿ ಬೇಕಾದಷ್ಟಿವೆ. ದೊರೆ ಅಮೋಘವರ್ಷನ ಕಾಲದ ಜಿನಸೇನ ಮಹಾಪುರಾಣವನ್ನು ಅರ್ಧಕ್ಕೆ ಬಿಟ್ಟು ಹೋದ. ಶಿಷ್ಯ ಗುಣಭದ್ರ ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ತಿಮ್ಮಣ್ಣ ಅದೇ ಭಾಮಿನಿ ಷಟ್ಪದಿಯಲ್ಲೇ ಬರೆದ, ಆದರೆ ಗದುಗಿನ ನಾರಣಪ್ಪನ ಹೆಸರಿನಡಿ ಅವಿತುಕೊಳ್ಳಲಿಲ್ಲ. ಅವನ ಭಾಗಕ್ಕೆ 'ಕೃಷ್ಣರಾಯ ಭಾರತ' ಎಂಬ ಬೇರೆ ಹೆಸರೇ ನಿಂತಿತು. ಎಲ್ಲಿ ಒಂದು ಕೈ ನಿಂತಿತು, ಎಲ್ಲಿ ಇನ್ನೊಂದು ಹಿಡಿಯಿತು ಎಂದು ಐನೂರು ವರ್ಷದ ನಂತರವೂ ಓದುಗನಿಗೆ ಗೊತ್ತು.

ಶಿವಮೊಗ್ಗದಿಂದ ನಾಲ್ಕು ಹೆಜ್ಜೆ ಆಚೆ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಈ ಕಾವ್ಯಗಳನ್ನು ಗಮಕಿಗಳು ತಲೆಮಾರುಗಳಿಂದ ವಾಚಿಸುತ್ತ ಬಂದಿದ್ದಾರೆ. ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿ ಆ ಊರಿನವರು. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಕವಿ ಮೂರನೆಯವನು, ಅವನು ಅಲ್ಲಿಲ್ಲ. ಮೂವರಲ್ಲಿ ಯಾರ ಮಾತು ಯಾವುದು ಎಂಬ ಗೊಂದಲ ಕೂತು ಕೇಳುವ ಮುದುಕರಿಗಾಗಲಿ ಮಕ್ಕಳಿಗಾಗಲಿ ಒಂದು ಕ್ಷಣವೂ ಆಗುವುದಿಲ್ಲ. ರೇಡಿಯೊದಲ್ಲೂ ಹಾಡಿಗೆ ಮುಂಚೆ ರಚನೆ, ಸಂಗೀತ, ಗಾಯನ ಯಾರದೆಂದು ಹೇಳಿಯೇ ಹಾಕುವ ಪದ್ಧತಿ ನಮಗೆ ಗೊತ್ತಿದ್ದದ್ದೇ. ಈಗಿನ ಮೊಬೈಲ್ ಆ್ಯಪುಗಳಲ್ಲಿ ಹಾಡಿನ ಹೆಸರೂ ಒಂದು ಚೌಕ ಚಿತ್ರವೂ ಕಂಡರೆ ದೊಡ್ಡದು. ಸತ್ತವರ ಧ್ವನಿಯಲ್ಲಿ ಹೊಸ ಹಾಡು ಬರುವ ಕಾಲಕ್ಕೇ ಹೇಳುವ ಪದ್ಧತಿ ಹೋಯಿತಲ್ಲ, ಇದು ಕೆಟ್ಟ ಕಾಕತಾಳೀಯ.

ಹಾಗಾದರೆ ಈಗ ಮಾಡಬೇಕಾದದ್ದೇನು? ಶಿವಮೊಗ್ಗ, ಭದ್ರಾವತಿಗಳಲ್ಲೂ ಇವತ್ತು ಹಾಡು ಕಟ್ಟುವ ಹುಡುಗ ಹುಡುಗಿಯರು ಮನೆಯ ಕೋಣೆಯಲ್ಲೇ ಒಂದು ಲ್ಯಾಪ್‌ಟಾಪು, ಒಂದು ಮೈಕು ಇಟ್ಟುಕೊಂಡು ಮುದ್ರಿಸುತ್ತಾರೆ. ಫ್ರೆಡಿಯ ಟೇಪುಗಳಿಗೆ ಕಾವಲು ಕಾಯುವ ಕಂಪನಿ ಇತ್ತು, ಬ್ಯಾಂಡ್ ಇತ್ತು. ಇವರ ಅರ್ಧ ಹಾಡುಗಳಿರುವುದು ಒಂದು ಹಾರ್ಡ್‌ಡಿಸ್ಕಿನಲ್ಲಿ, ಹೆಸರಿಲ್ಲದ ಫೋಲ್ಡರುಗಳಲ್ಲಿ. ಧ್ವನಿಯನ್ನು ವಾದ್ಯದಿಂದ ಬೇರೆಯಾಗಿ ಉಳಿಸಿಕೊಂಡಿದ್ದೀರಾ, ಯಾವ ಟೇಕ್ ನಿಮಗೆ ಒಪ್ಪಿಗೆಯದು, ಯಾವುದು ಯಾರಿಗೂ ಕೇಳಿಸಬಾರದ್ದು, ಮುಗಿಸುವುದಾದರೆ ಯಾರು ಮುಗಿಸಬಹುದು, ಕಂಠವನ್ನು ಯಂತ್ರಕ್ಕೆ ಕಲಿಸಬಹುದೋ ಬೇಡವೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಮನೆಯವರೊಬ್ಬರ ಕೈಗೆ ಕೊಟ್ಟಿಡುವುದು ಅಪಶಕುನವೇನಲ್ಲ. ಜಮೀನು, ಸೈಟಿನ ವಿಷಯದಲ್ಲಿ ನಮ್ಮವರು ಈ ಎಚ್ಚರ ಯಾವತ್ತೋ ಕಲಿತಿದ್ದಾರೆ. ಗಾಯಕರ ಸಂಘಗಳು, ಆಡಿಯೊ ಕಂಪನಿಗಳು ಇದಕ್ಕೊಂದು ಸರಳ ಕನ್ನಡ ನಮೂನೆಯನ್ನೇ ಮಾಡಿಕೊಡಬಹುದು. ಒಪ್ಪಂದ ಪತ್ರಗಳಲ್ಲಿ 'ಈಗ ಇರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನಗಳಿಗೂ' ಎಂಬಂಥ ಸಾಲಿದ್ದರೆ ಸಹಿಗೆ ಮುಂಚೆ ಅದನ್ನು ಎರಡು ಸಲ ಓದಿ, ಧ್ವನಿಯ ಮರುಸೃಷ್ಟಿಗೆ ಬೇರೆಯದೇ ಅನುಮತಿ ಬೇಕು ಎಂದು ಕೈಯಲ್ಲೇ ಬರೆದು ಸೇರಿಸಿ.